ಒಳಕೋಣೆಗೆ ಬಾರದ ವೈ-ಫೈ: ಮೊದಲು ಜಾಗ, ಆಮೇಲೆ ತಂತಿ, ಕೊನೆಗೆ ಹೊಸ ಡಬ್ಬಿ

ಮುಂಬೈ, ಪುಣೆಯ ಫ್ಲಾಟುಗಳಿಗೆ ನೆಟ್ ಕನೆಕ್ಷನ್ ಕೊಡಲು ಬರುವ ಹುಡುಗ ಸಾಮಾನ್ಯವಾಗಿ ಮುಂಬಾಗಿಲ ಪಕ್ಕದಲ್ಲೇ, ಚಪ್ಪಲಿ ಸ್ಟ್ಯಾಂಡಿನ ಮೇಲ್ಗಡೆ, ಎರಡು ಸ್ಕ್ರೂ ಹೊಡೆದು ರೂಟರಿನ ಡಬ್ಬಿ ತೂಗುಹಾಕಿ ಹೋಗುತ್ತಾನೆ. ಮೆಟ್ಟಿಲ ಬದಿಯ ಡಕ್ಟಿನಿಂದ ಬಂದ ಫೈಬರ್‌ಗೆ ಅದೇ ಹತ್ತಿರದ ಜಾಗ. ಹಾಲ್‌ನಲ್ಲಿ ನಿಂತು ಸ್ಪೀಡ್ ಟೆಸ್ಟ್ ತೋರಿಸಿ, ಒಟಿಪಿ ಕೇಳಿಕೊಂಡರೆ ಅವನ ಕೆಲಸ ಮುಗಿಯಿತು. ಒಳಕೋಣೆಯಲ್ಲಿ ಆಫೀಸ್ ಮೀಟಿಂಗಿನ ನಡುವೆ ದನಿ ಒಡೆಯುವುದು, ಬಾಲ್ಕನಿಗೆ ಕಾಲಿಟ್ಟರೆ ವಾಟ್ಸ್‌ಆ್ಯಪ್ ಕರೆ ಕಟ್ ಆಗುವುದು, ಇವೆಲ್ಲ ಮರುದಿನದ ರಗಳೆ.

ಆಗ ಬಹಳ ಜನ ಮಾಡುವುದು ಎರಡೇ ಕೆಲಸ. ಒಂದು, 100 ಎಂಬಿಪಿಎಸ್ ಪ್ಲಾನನ್ನು 300ಕ್ಕೆ ಏರಿಸುವುದು. ಇನ್ನೊಂದು, ಸಿಗ್ನಲ್ ಹಿಡಿದು ಮತ್ತೆ ಹರಡುವ ಅಗ್ಗದ ರಿಪೀಟರ್ ಒಂದನ್ನು ತರಿಸಿ ಬೆಡ್‌ರೂಮಿನ ಪ್ಲಗ್ಗಿಗೆ ಚುಚ್ಚುವುದು. ಮೊದಲನೆಯದರಿಂದ ಒಳಕೋಣೆಗೆ ಏನೂ ಸಿಗುವುದಿಲ್ಲ; 100ರ ಪ್ಲಾನಿನಲ್ಲಿ ಗೋಡೆ ದಾಟದ ಸಿಗ್ನಲ್ 300ರ ಪ್ಲಾನಿನಲ್ಲೂ ದಾಟುವುದಿಲ್ಲ. ಎರಡನೆಯದು ತಪ್ಪು ಜಾಗದಲ್ಲಿ ಕೂತರೆ ಇದ್ದ ವೇಗವನ್ನೂ ತಿನ್ನುತ್ತದೆ. ಇಲ್ಲಿ ಕೊಟ್ಟಿರುವ ಕ್ರಮ ಖರ್ಚಿಲ್ಲದ ಕೆಲಸದಿಂದ ಶುರುವಾಗಿ ಖರ್ಚಿನ ಕಡೆಗೆ ಹೋಗುತ್ತದೆ. ಒಂದು, ಎರಡು ಬಿಎಚ್‌ಕೆಯ ಹೆಚ್ಚಿನ ಮನೆಗಳಿಗೆ ಕೊನೆಯವರೆಗೆ ಹೋಗುವ ಅಗತ್ಯವೇ ಬೀಳದು.

ದೋಷ ಲೈನಿನಲ್ಲೋ, ಗಾಳಿಯಲ್ಲೋ?

ಮೊದಲು ಇದನ್ನು ಬೇರ್ಪಡಿಸಿ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರ ರೂಟರಿಗೆ ಜೋಡಿಸಿ, ವೈ-ಫೈ ಆಫ್ ಮಾಡಿ, ಮೂರು ಸಲ ಸ್ಪೀಡ್ ಟೆಸ್ಟ್ ಮಾಡಿ. ಒಮ್ಮೆ ಬೆಳಿಗ್ಗೆ, ಒಮ್ಮೆ ಮಧ್ಯಾಹ್ನ, ಒಮ್ಮೆ ರಾತ್ರಿ ಒಂಬತ್ತು-ಹತ್ತರ ನಡುವೆ. ತಂತಿಯಲ್ಲೇ ವೇಗ ಬರದಿದ್ದರೆ ದೋಷ ಕಂಪನಿಯ ಲೈನಿನದು; ಮನೆಯೊಳಗೆ ಏನು ಮಾಡಿದರೂ ವ್ಯರ್ಥ, ದೂರು ಕೊಡಿ. ಫೈಬರ್ ಬಂದು ಸೇರುವ ಡಬ್ಬಿಯಲ್ಲಿ 'ಲಾಸ್' (LOS) ಎಂಬ ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ಟೆಕ್ನಿಷಿಯನ್ ಬಂದಾಗ ಪವರ್ ಮೀಟರಿನ ಅಂಕಿ ಎಷ್ಟೆಂದು ಕೇಳಿ. −15ರಿಂದ −25 ಡಿಬಿಎಂ (ಶಕ್ತಿಯ ಅಳತೆ) ಇದ್ದರೆ ಚೆನ್ನ, −27ರ ಆಚೆಗಿದ್ದರೆ ಲೈನ್ ಆಗಾಗ ಬೀಳುತ್ತದೆ.

ಇಲ್ಲಿ ಒಂದು ಸಣ್ಣ ಸುಳಿವು ಬಹಳ ಕೆಲಸಕ್ಕೆ ಬರುತ್ತದೆ. 200 ಅಥವಾ 300ರ ಪ್ಲಾನ್ ಇದ್ದೂ ಟೆಸ್ಟ್ ಪ್ರತಿ ಸಲ 93-95ರ ಹತ್ತಿರವೇ ನಿಂತರೆ ಅದು ಲೈನಿನ ದೋಷವಲ್ಲ. ಎಲ್ಲೋ ಒಂದು ಪೋರ್ಟ್ 100 ಎಂಬಿಪಿಎಸ್‌ನದು, ಇಲ್ಲವೇ ಕೇಬಲ್ಲಿನ ಎಂಟು ಎಳೆಗಳಲ್ಲಿ ಒಂದು ತುಂಡಾಗಿದೆ. 100ರ ವೇಗಕ್ಕೆ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ಬೇಕು. ಒಂದು ಕೈಕೊಟ್ಟರೂ ಎರಡು ತುದಿಯ ಯಂತ್ರಗಳು ಸದ್ದಿಲ್ಲದೆ 100ಕ್ಕೆ ಇಳಿದು ಒಪ್ಪಂದ ಮಾಡಿಕೊಳ್ಳುತ್ತವೆ.

ತಂತಿಯಲ್ಲಿ ವೇಗ ಸರಿಯಿದ್ದರೆ ದೋಷ ಗಾಳಿಯದು. ಈಗ ಮನೆಯ ನಕ್ಷೆಯನ್ನು ಹಾಳೆಯ ಮೇಲೆ ಒರಟಾಗಿ ಬರೆದುಕೊಳ್ಳಿ. ಆ್ಯಂಡ್ರಾಯ್ಡ್ ಫೋನಿಗೆ ವೈ-ಫೈ ಅನಲೈಸರ್ ಮಾದರಿಯ ಯಾವುದಾದರೊಂದು ಉಚಿತ ಆ್ಯಪ್ ಹಾಕಿ. ಐಫೋನಿನಲ್ಲಿ ಆ್ಯಪಲ್‌ನದೇ ಏರ್‌ಪೋರ್ಟ್ ಯುಟಿಲಿಟಿ ಇದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪಿನ ವೈ-ಫೈ ಸ್ಕ್ಯಾನರನ್ನು ಆನ್ ಮಾಡಬೇಕು. ಪ್ರತಿ ಕೋಣೆಯಲ್ಲಿ, ಜನ ನಿಜವಾಗಿ ಕೂರುವ ಜಾಗದಲ್ಲಿ, ಅಂದರೆ ಹಾಸಿಗೆಯ ತಲೆದಿಸೆ, ಓದುವ ಮೇಜು, ಅಡುಗೆ ಕಟ್ಟೆ, ಇಲ್ಲೆಲ್ಲ ಅರ್ಧ ನಿಮಿಷ ನಿಂತು ಸಿಗ್ನಲ್ಲಿನ ಡಿಬಿಎಂ ಅಂಕಿಯನ್ನು ಹಾಳೆಯಲ್ಲಿ ಬರೆಯಿರಿ.

ಅಂಕಿ ಋಣದಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಗಟ್ಟಿ. −50 ಎಂದರೆ ರೂಟರಿನ ಮುಂದೆಯೇ ಕೂತಂತೆ. −60 ಎಲ್ಲಕ್ಕೂ ಸಾಕು. ವಿಡಿಯೊ ಕರೆಗೆ −67ರ ಒಳಗಿರಬೇಕು. −75ಕ್ಕೆ ಮೆಸೇಜು ಹೋಗುತ್ತದೆ, ಕರೆ ಒಡೆಯುತ್ತದೆ. −80ರ ಆಚೆ ಫೋನಿನಲ್ಲಿ ಒಂದು ಕಡ್ಡಿ ಕಾಣುತ್ತಿದ್ದರೂ ಅದು ಹೆಸರಿಗಷ್ಟೇ. ಈ ಲೆಕ್ಕದಲ್ಲಿ 3 ಡಿಬಿ ಕಡಿಮೆಯಾದರೆ ಶಕ್ತಿ ಅರ್ಧ, 10 ಕಡಿಮೆಯಾದರೆ ಹತ್ತರಲ್ಲೊಂದು ಪಾಲು. ಆದ್ದರಿಂದ −65ಕ್ಕೂ −75ಕ್ಕೂ ಇರುವ ಅಂತರ ನೋಡಲು ಸಣ್ಣದು, ಅನುಭವದಲ್ಲಿ ದೊಡ್ಡದು.

ಈ ಹಾಳೆಯನ್ನು ಎಸೆಯಬೇಡಿ. ಮುಂದೆ ಮಾಡುವ ಪ್ರತಿ ಬದಲಾವಣೆಯ ನಂತರ ಅದೇ ಜಾಗಗಳಲ್ಲಿ ಮತ್ತೆ ಅಳೆದು ಪಕ್ಕದಲ್ಲಿ ಬರೆಯಬೇಕು. 'ಈಗ ಸ್ವಲ್ಪ ಫಾಸ್ಟ್ ಅನ್ನಿಸುತ್ತೆ' ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಗೋಡೆ ಯಾವುದು ಎಂಬುದೇ ಮುಖ್ಯ

ಡೊಂಬಿವಲಿ, ಮುಲುಂಡಿನ ಮೂವತ್ತು-ನಲವತ್ತು ವರ್ಷದ ಹಳೆಯ ಬಿಲ್ಡಿಂಗಿನ ಒಳಗೋಡೆ ಸಾಮಾನ್ಯವಾಗಿ ನಾಲ್ಕೂವರೆ ಇಂಚಿನ ಇಟ್ಟಿಗೆಯದು. ವೈ-ಫೈನ ಎರಡು ಬ್ಯಾಂಡುಗಳಲ್ಲಿ (2.4 ಮತ್ತು 5 ಗಿಗಾಹರ್ಟ್ಸ್) 5ರ ಅಲೆ ಇದನ್ನು ದಾಟುವಾಗ ಅಂದಾಜು 5ರಿಂದ 10 ಡಿಬಿ ಕಳೆದುಕೊಳ್ಳುತ್ತದೆ. ಒಂದು ಗೋಡೆ ಪರವಾಗಿಲ್ಲ, ಎರಡಕ್ಕೆ ತೊಂದರೆ ಶುರು.

ವಾಕಡ್, ಹಿಂಜವಡಿ, ಠಾಣೆಯ ಘೋಡಬಂದರ್ ರೋಡಿನ ಹೊಸ ಟವರ್‌ಗಳ ಮಾತೇ ಬೇರೆ. ಅಲ್ಲಿ ಅನೇಕ ಕಡೆ ಬಿಲ್ಡರುಗಳು 'ಮಿವಾನ್' ಎಂದು ಕರೆಯುವ ಪದ್ಧತಿ. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆ, ಚಾವಣಿ ಎಲ್ಲವನ್ನೂ ಒಟ್ಟಿಗೆ ಕಾಂಕ್ರೀಟಿನಲ್ಲಿ ಎರಕ ಹೊಯ್ಯುತ್ತಾರೆ. ಬೆಡ್‌ರೂಮಿಗೂ ಹಾಲ್‌ಗೂ ನಡುವಿನ ಗೋಡೆಯೂ ಕಬ್ಬಿಣದ ಜಾಲರಿಯಿರುವ ಗಟ್ಟಿ ಕಾಂಕ್ರೀಟು. ಇದನ್ನು ದಾಟುವಾಗ 15ರಿಂದ 25 ಡಿಬಿ ಹೋಗುತ್ತದೆ. ಹಾಲ್‌ನಲ್ಲಿ −45 ಇದ್ದದ್ದು ಪಕ್ಕದ ಕೋಣೆಯಲ್ಲೇ −70 ಆಗುವುದು ಇದರಿಂದ. ಮೊಳೆ ಹೊಡೆದು ನೋಡಿ: ಸಾದಾ ಮೊಳೆ ಬಾಗಿ, ಹ್ಯಾಮರ್ ಡ್ರಿಲ್ ಇಲ್ಲದೆ ತೂತೇ ಬೀಳದಿದ್ದರೆ ನಿಮ್ಮದು ಈ ಜಾತಿಯ ಗೋಡೆ. ಹೊಸ ಕಟ್ಟಡದ ಕಾಂಕ್ರೀಟಿನಲ್ಲಿ ತಿಂಗಳುಗಟ್ಟಲೆ ತೇವ ಉಳಿದಿರುತ್ತದೆ, ನೀರು ಅಲೆಯನ್ನು ಹೀರುತ್ತದೆ. ಹೀಗಾಗಿ ಗೃಹಪ್ರವೇಶವಾದ ಹೊಸದರಲ್ಲಿ ಸಿಗ್ನಲ್ ಇನ್ನೂ ಕೆಟ್ಟದಾಗಿರುತ್ತದೆ.

ಗೋವಾದ ಹಳೆಯ ಮನೆಗಳು ಚಿರೆಕಲ್ಲಿನವು. ನಮ್ಮ ಕರಾವಳಿಯವರು ಮುರಕಲ್ಲು ಎನ್ನುವುದು ಇದನ್ನೇ. ಗೋಡೆ ಒಂದು ಅಡಿಗೂ ದಪ್ಪ, ಕಲ್ಲು ರಂಧ್ರ ರಂಧ್ರ, ಮಳೆಗಾಲದಲ್ಲಿ ನೀರು ಕುಡಿದು ಕೂತಿರುತ್ತದೆ. ಮೇ ತಿಂಗಳಲ್ಲಿ ಸಿಗುತ್ತಿದ್ದ ವೈ-ಫೈ ಜುಲೈಯಲ್ಲಿ ಮಂಕಾದರೆ ರೂಟರ್ ಕೆಟ್ಟಿತೆಂದು ಬದಲಿಸಲು ಹೋಗಬೇಡಿ.

ಇನ್ನೊಂದು ಸಂಗತಿ ಗಮನಿಸುವವರು ಕಡಿಮೆ. ಅಲೆ ಗೋಡೆಯನ್ನು ಓರೆಯಾಗಿ ದಾಟಿದರೆ ಅದಕ್ಕೆ ಗೋಡೆ ಇನ್ನೂ ದಪ್ಪ. 45 ಡಿಗ್ರಿ ಓರೆಯಲ್ಲಿ ಆರಿಂಚಿನ ಗೋಡೆ ಎಂಟೂವರೆ ಇಂಚಿನದಾಗುತ್ತದೆ. ಹಾಳೆಯ ಮೇಲೆ ರೂಟರಿನಿಂದ ಹಾಸಿಗೆಗೆ ಒಂದು ಗೆರೆ ಎಳೆಯಿರಿ. ಆ ಗೆರೆ ಎಷ್ಟು ಗೋಡೆ ದಾಟುತ್ತದೆ, ನೇರವಾಗಿಯೋ ಓರೆಯಾಗಿಯೋ, ಬಾಗಿಲ ತೆರವಿನಿಂದ ಹೋಗುವಂತೆ ಡಬ್ಬಿಯನ್ನು ಎಲ್ಲಿ ಸರಿಸಬಹುದು ಎಂಬುದು ಕಣ್ಣಿಗೇ ಕಾಣುತ್ತದೆ.

ಡಬ್ಬಿಯನ್ನು ಸರಿಸುವುದು

ಒಳ್ಳೆಯ ಜಾಗವೆಂದರೆ ಹಾಲ್‌ನಿಂದ ಬೆಡ್‌ರೂಮಿಗೆ ಹೋಗುವ ಪ್ಯಾಸೇಜು. ಅಲ್ಲಿಂದ ಎಲ್ಲ ಕೋಣೆಗಳ ಬಾಗಿಲೂ ಕಾಣುತ್ತವೆ. ನೆಲದಿಂದ ಐದಾರು ಅಡಿ ಎತ್ತರ, ಸುತ್ತ ಒಂದು ಅಡಿ ಖಾಲಿ. ಹಾಗೆ ನೋಡಿದರೆ ಪ್ಯಾಸೇಜಿನಲ್ಲಿ ಪ್ಲಗ್ ಪಾಯಿಂಟ್ ಇರುವುದೇ ಅಪರೂಪ. ಅದಕ್ಕಾಗಿ ಎಲೆಕ್ಟ್ರಿಷಿಯನ್‌ಗೆ ಕೊಡುವ ಹಣ ಹೊಸ ರೂಟರಿಗೆ ಕೊಡುವುದಕ್ಕಿಂತ ಸಾರ್ಥಕ.

ಕೆಟ್ಟ ಜಾಗಗಳು ಎಲ್ಲ ಮನೆಯಲ್ಲೂ ಒಂದೇ. ಟಿವಿಯ ಹಿಂದೆ ಇಡಬೇಡಿ, ಅದರ ಹಿಂಬದಿಯೆಲ್ಲ ಲೋಹದ ತಗಡು. ಗೋದ್ರೇಜ್ ಕಪಾಟಿನ ಮೇಲೆ ಅಥವಾ ಪಕ್ಕದಲ್ಲಿ ಇಟ್ಟರೆ ಆ ದಿಕ್ಕಿಗೆ ಸಿಗ್ನಲ್ ಸತ್ತಂತೆ. ವಾರ್ಡ್‌ರೋಬಿನ ದೊಡ್ಡ ಕನ್ನಡಿಯ ಹಿಂಬದಿಯ ಲೋಹದ ಲೇಪವೂ ಹಾಗೆಯೇ. ಫ್ರಿಜ್, ಅಕ್ವೇರಿಯಂ ದಾರಿಗೆ ಅಡ್ಡ ಬಾರದಂತೆ ನೋಡಿ. ಮುಂಬೈ ಮನೆಗಳಿಗೇ ವಿಶೇಷವಾದದ್ದು ಇನ್ನೊಂದಿದೆ: ಬಾತ್‌ರೂಮಿನ ಮೇಲಿನ ಲಾಫ್ಟಿನಲ್ಲಿ ಇಟ್ಟ ನೀರಿನ ಟಾಕಿ. ರೂಟರಿಗೂ ಬೆಡ್‌ರೂಮಿಗೂ ನಡುವೆ 200-300 ಲೀಟರ್ ನೀರು ತುಂಬಿದ ಟಾಕಿ ಇದ್ದರೆ, ನೀರು ಬಿಡುವ ಹೊತ್ತಿನಲ್ಲಿ ಒಂದು ಅಂಕಿ, ಟಾಕಿ ಖಾಲಿಯಾದಾಗ ಇನ್ನೊಂದು ಅಂಕಿ ಬಂದರೂ ಆಶ್ಚರ್ಯವಿಲ್ಲ. ಮೈಕ್ರೋವೇವ್ ಓವನ್ 2.45 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಅನ್ನ ಬಿಸಿ ಮಾಡುವ ಎರಡು ನಿಮಿಷ 2.4ರ ವೈ-ಫೈ ತಡವರಿಸುವುದು ಅದರ ಸೋರಿಕೆಯಿಂದ.

ಆಂಟೆನಾ ಕಡ್ಡಿಯ ಸುತ್ತ ಸಿಗ್ನಲ್ ಉದ್ದಿನವಡೆಯ ಆಕಾರದಲ್ಲಿ ಹರಡುತ್ತದೆ. ಕಡ್ಡಿ ವಡೆಯ ತೂತಿನಲ್ಲಿ ನಿಂತಂತೆ. ಕಡ್ಡಿಯ ತುದಿ ತೋರಿಸುವ ದಿಕ್ಕಿಗೇ ಸಿಗ್ನಲ್ ಕಡಿಮೆ, ಪಕ್ಕಕ್ಕೆ ಹೆಚ್ಚು. ಆದ್ದರಿಂದ ಒಂದೇ ಮಹಡಿಯ ಮನೆಗೆ ಎಲ್ಲ ಆಂಟೆನಾಗಳನ್ನೂ ನೆಟ್ಟಗೆ ನಿಲ್ಲಿಸಿ. ಬೆಡ್‌ರೂಮಿನ ಕಡೆಗೆ ಬಂದೂಕಿನಂತೆ ಗುರಿಯಿಡುವುದು ಉಲ್ಟಾ ಪರಿಣಾಮದ ಕೆಲಸ. ಮೇಲಿನ ಮಹಡಿಗೂ ಬೇಕಾದರೆ ಒಂದನ್ನು ಮಾತ್ರ ಅಡ್ಡ ಮಲಗಿಸಿ.

ಫೈಬರ್ ಡಬ್ಬಿಯನ್ನು ನೀವಾಗಿಯೇ ಸರಿಸಲು ಹೋಗಬೇಡಿ. ಗೋಡೆಯ ಬಳಿ ಸುರುಳಿ ಸುತ್ತಿಟ್ಟ ಫೈಬರ್ ಉಳಿದಿದ್ದರೆ ಟೆಕ್ನಿಷಿಯನ್ ಅಷ್ಟು ದೂರಕ್ಕೆ ಒಯ್ಯುತ್ತಾನೆ. ಇಲ್ಲದಿದ್ದರೆ ಹೊಸ ತುಂಡು ಜೋಡಿಸಬೇಕು. ಕಸ್ಟಮರ್ ಕೇರಿಗೆ ಫೋನ್ ಮಾಡಿದಾಗ 'ನೆಟ್ ಸ್ಲೋ ಇದೆ' ಎನ್ನಬೇಡಿ, ರೀಸ್ಟಾರ್ಟ್ ಮಾಡಿ ಎನ್ನುತ್ತಾರೆ. 'ಘರ್ ಕೇ ಅಂದರ್ ಶಿಫ್ಟಿಂಗ್ ಕರನಾ ಹೈ' ಎಂದು ಕೇಳಿ. ಫೈಬರ್ ಮೂಲೆಯಲ್ಲಿ ತಿರುಗುವಾಗ ಬಳೆಯಷ್ಟು ಅಗಲದ ತಿರುವಿರಲಿ. ಬಾಗಿಲ ಸಂದಿಯಲ್ಲಿ ಮಡಚಿದರೆ, ಮೇಲೆ ಮೊಳೆ ಕ್ಲಿಪ್ ಬಿಗಿದರೆ ಬೆಳಕು ಸೋರುತ್ತದೆ. ಬಿಚ್ಚಿದ ಹಸಿರು ತುದಿಯನ್ನು ಬೆರಳಿಂದ ಮುಟ್ಟಬೇಡಿ, ಕಣ್ಣಿಗೆ ಹಿಡಿದು ನೋಡಲೇಬೇಡಿ. ಕಾಣದ ಬೆಳಕೂ ಕಣ್ಣು ಸುಡಬಲ್ಲದು.

ರೂಟರಿನೊಳಗಿನ ಸೆಟ್ಟಿಂಗ್

ಇದಕ್ಕೆ ಕಾಲು ಗಂಟೆ ಸಾಕು. ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಹೊಡೆಯಿರಿ, ಜಿಯೊ ಡಬ್ಬಿಯಾದರೆ 192.168.29.1. ಪಾಸ್‌ವರ್ಡ್ ಡಬ್ಬಿಯ ತಳದ ಸ್ಟಿಕರಿನಲ್ಲಿದೆ.

2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಕದ ಚಾನೆಲ್‌ಗಳು ಮೂರೇ: 1, 6, 11. ಒಂದು ಮಹಡಿಗೆ ಆರೆಂಟು ಫ್ಲಾಟ್ ಇರುವ ಬಿಲ್ಡಿಂಗಿನಲ್ಲಿ ಆ್ಯಪ್ ತೆರೆದರೆ ಇಪ್ಪತ್ತು-ಮೂವತ್ತು ಹೆಸರು ಕಾಣುತ್ತವೆ, ಎಲ್ಲರೂ ಈ ಮೂರರ ಮೇಲೆಯೇ. ಇದ್ದುದರಲ್ಲಿ ಖಾಲಿ ಇರುವುದನ್ನು ಆರಿಸಿ, ಚಾನೆಲ್ಲಿನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಕಟ್ಟಿಹಾಕಿ. ಯಾರೂ ಇಲ್ಲವೆಂದು 3 ಅಥವಾ 8ಕ್ಕೆ ಹಾಕಿಕೊಂಡರೆ ಎರಡೂ ಬದಿಯವರ ಗದ್ದಲ ನಿಮ್ಮ ಪಾಲಿಗೆ ಬರುತ್ತದೆ. ಒಂದೇ ಚಾನೆಲ್ಲಿನವರು ಸರದಿ ಕಾದು ಮಾತಾಡುತ್ತಾರೆ, ಅರ್ಧಂಬರ್ಧ ಮೇಲೆ ಬಿದ್ದವರು ಬರೀ ಗದ್ದಲ ಮಾಡುತ್ತಾರೆ.

5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ. 36ರಿಂದ 48 ಅಥವಾ 149ರಿಂದ 161ರ ನಡುವೆ ಒಂದನ್ನು ಕೈಯಾರೆ ಆರಿಸಿ. 80 ಮೆಗಾಹರ್ಟ್ಸ್ ಅಗಲ ಸಾಕು, ಕಿಕ್ಕಿರಿದ ಟವರಿನಲ್ಲಿ 40 ಇನ್ನೂ ಸ್ಥಿರ. ನಡುವಿನ 52ರಿಂದ 144ರವರೆಗಿನವು ರಾಡಾರ್‌ಗಳ ಜೊತೆ ಹಂಚಿಕೊಂಡ ಚಾನೆಲ್‌ಗಳು. ಅಲ್ಲಿ ಶುರುವಾಗುವ ಮೊದಲು ರೂಟರ್ ಒಂದು ನಿಮಿಷ ಕಿವಿಗೊಟ್ಟು ಕೇಳಬೇಕು; ರಾಡಾರ್ ಕೇಳಿಸಿದರೆ ತಕ್ಷಣ ಜಾಗ ಬಿಟ್ಟು ಅರ್ಧ ಗಂಟೆ ಅತ್ತ ಸುಳಿಯಬಾರದು. ಮುಂಬೈಯ ವೆರಾವಲಿಯಲ್ಲಿ ಹವಾಮಾನ ಇಲಾಖೆಯ ಸಿ-ಬ್ಯಾಂಡ್ ರಾಡಾರ್ ಇದೆ, ಇದೇ ತರಂಗಗಳ ನೆರೆಹೊರೆಯದು. ಅಂಧೇರಿ, ಜೋಗೇಶ್ವರಿ ಕಡೆಯವರಿಗೆ 5 ಗಿಗಾಹರ್ಟ್ಸ್ ಹೆಸರು ಕಾರಣವಿಲ್ಲದೆ ಒಮ್ಮೊಮ್ಮೆ ಮಾಯವಾಗುತ್ತಿದ್ದರೆ ಚಾನೆಲ್ಲನ್ನು 'ಆಟೋ'ದಿಂದ ತೆಗೆದು ನೋಡಿ.

ಎರಡು ಬ್ಯಾಂಡಿಗೂ ಒಂದೇ ಹೆಸರಿರಬೇಕೇ? ಸಾಧಾರಣವಾಗಿ ಹೌದು. ಆದರೆ ಒಂದೇ ಕೋಣೆಯಲ್ಲಿ ಕೂತು ದಿನವಿಡೀ ಕೆಲಸ ಮಾಡುವ ಲ್ಯಾಪ್‌ಟಾಪ್ ಪದೇಪದೇ 2.4ಕ್ಕೆ ಜಾರುತ್ತಿದ್ದರೆ ಹೆಸರು ಬೇರ್ಪಡಿಸಿ, ಲ್ಯಾಪ್‌ಟಾಪನ್ನು 5ಕ್ಕೆ ಕಟ್ಟಿಹಾಕಿ. ಸಿಸಿಟಿವಿ, ಸ್ಮಾರ್ಟ್ ಪ್ಲಗ್‌ಗಳಿಗೆ ಹೆಚ್ಚಾಗಿ 2.4 ಮಾತ್ರ ಗೊತ್ತು, ಅವು ಅಲ್ಲೇ ಇರಲಿ. ಪಾಸ್‌ವರ್ಡ್ ಇಲ್ಲದೆ ಬಟನ್ ಒತ್ತಿ ಜೋಡಿಸುವ ಡಬ್ಲ್ಯೂಪಿಎಸ್ ಸೌಲಭ್ಯ ಆಫ್ ಇರಲಿ.

ತಂತಿ ಎಳೆದು ಎರಡನೆಯ ರೂಟರ್: ನಿಜವಾದ ಔಷಧಿ

ಜಾಗ, ಚಾನೆಲ್ ಎರಡೂ ಸರಿಯಾದ ಮೇಲೂ ಒಳಕೋಣೆಯಲ್ಲಿ −70ರ ಆಚೆಯೇ ಇದ್ದರೆ ಗೋಡೆಯ ಜೊತೆ ಗುದ್ದಾಡುವುದನ್ನು ಬಿಟ್ಟು ಒಂದು ಲ್ಯಾನ್ ಕೇಬಲ್ ಎಳೆಯಿರಿ. ಆ ತುದಿಗೆ ಕಪಾಟಿನಲ್ಲಿ ಬಿದ್ದಿರುವ ಹಳೆಯ ರೂಟರನ್ನೇ ಹಚ್ಚಿ. ಮಿವಾನ್ ಮನೆಗೂ ಚಿರೆಕಲ್ಲಿನ ಮನೆಗೂ ಇದನ್ನು ಮೀರಿಸಿದ ಉಪಾಯವಿಲ್ಲ. ಎರಡು ಕೋಣೆಯ ಮನೆಗೆ 15 ಮೀಟರ್ ಕೇಬಲ್ ಸಾಕು; 100 ಮೀಟರಿನವರೆಗೆ ವೇಗ ಇಳಿಯದು.

ಕೇಬಲ್ ಕ್ಯಾಟ್-6, ಶುದ್ಧ ತಾಮ್ರದ್ದು ಇರಬೇಕು. ಮುಂಬೈಯಲ್ಲಿ ಗ್ರ್ಯಾಂಟ್ ರೋಡ್ ಸ್ಟೇಷನ್ ಬಳಿಯ ಲ್ಯಾಮಿಂಗ್ಟನ್ ರೋಡ್, ಪುಣೆಯಲ್ಲಿ ಬುಧವಾರ ಪೇಠೆಯ ತಾಪ್‌ಕೀರ್ ಗಲ್ಲಿ, ಎರಡೂ ಕಡೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಬೆಲೆ ತೀರಾ ಕಡಿಮೆ ಹೇಳಿದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, 'ಸಿಸಿಎ'. ಅಂಗಡಿಯಲ್ಲೇ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ: ಒಳಗೆ ಬೆಳ್ಳಗೆ ಕಂಡರೆ ಬೇಡ. ನಾಲ್ಕು ಸಲ ಬಾಗಿಸಿದರೆ ಮುರಿಯುತ್ತದೆ, ಸಮುದ್ರದ ಉಪ್ಪುಗಾಳಿಗೆ ತುದಿಗಳು ಬೇಗ ಸವೆದುಹೋಗುತ್ತವೆ.

ದಾರಿ ಯಾವುದು? ಹೆಚ್ಚಿನ ಫ್ಲಾಟುಗಳಲ್ಲಿ ಹಾಲ್‌ನಿಂದ ಬೆಡ್‌ರೂಮಿಗೆ ಟಿವಿ ಅಥವಾ ಟೆಲಿಫೋನಿನ ಪೈಪು ಗೋಡೆಯೊಳಗೇ ಇರುತ್ತದೆ, ಹಳೆಯ ಕೇಬಲ್ ಸತ್ತು ಬಿದ್ದಿರುತ್ತದೆ. ಅದರ ತುದಿಗೆ ಹೊಸದನ್ನು ಟೇಪಿನಿಂದ ಬಿಗಿದು, ಆ ಕಡೆಯಿಂದ ಎಳೆಯಿರಿ. ಬಿಗಿಯಾದರೆ ಪೈಪಿಗೆ ಸ್ವಲ್ಪ ಟಾಲ್ಕಮ್ ಪೌಡರ್. ಕರೆಂಟಿನ ವೈರು ಇರುವ ಪೈಪಿನಲ್ಲಿ ಮಾತ್ರ ಬೇಡವೇ ಬೇಡ. ಪೈಪು ಇಲ್ಲದಿದ್ದರೆ ಸ್ಕರ್ಟಿಂಗಿನ ಮೇಲೆ ಪಿವಿಸಿ ಪಟ್ಟಿ ಹೊಡೆದು ಅದರಲ್ಲಿ ಸಾಗಿಸಿ. ಮಿವಾನ್ ಗೋಡೆ ಕಟ್ಟಡದ ಭಾರ ಹೊರುವ ಗೋಡೆ. ಅದನ್ನು ಕೊರೆದು ಪೈಪಿಗೆ ಸಂದು ಮಾಡಲು ಸೊಸೈಟಿ ಬಿಡುವುದಿಲ್ಲ, ಬಿಡಲೂಬಾರದು. ಬಾಡಿಗೆ ಮನೆಯವರು ಚಪ್ಪಟೆ ಕೇಬಲನ್ನು ಬಾಗಿಲ ಚೌಕಟ್ಟಿನ ಸುತ್ತ ಅಂಟಿಸಿ ಕೆಲಸ ಮುಗಿಸಬಹುದು. ಅದು ಅಷ್ಟು ಬಾಳಿಕೆಯದಲ್ಲ, ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಸಾಕು.

ತುದಿ ಕಟ್ಟುವುದು ಹೀಗೆ. ಹೊರಗಿನ ಸಿಪ್ಪೆಯನ್ನು ಒಂದೂವರೆ ಇಂಚು ಬಿಡಿಸಿ. ನಾಲ್ಕು ಜೋಡಿ ಎಳೆಗಳು ಹೆಣೆದುಕೊಂಡಿರುತ್ತವೆ. ಬಿಡಿಸಿ, ಎರಡು ಬೆರಳ ನಡುವೆ ತಿಕ್ಕಿ ನೆಟ್ಟಗೆ ಮಾಡಿ. ಕನೆಕ್ಟರಿನ ಕ್ಲಿಪ್ ಕೆಳಗಿರುವಂತೆ ಹಿಡಿದಾಗ ಎಡದಿಂದ ಬಲಕ್ಕೆ ಬಣ್ಣಗಳ ಸಾಲು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನೀಲಿ ಜೋಡಿ ಹಸಿರು ಜೋಡಿಯ ನಡುವೆ ನುಸುಳುತ್ತದೆ. ತಪ್ಪಾಗುವುದು ಹತ್ತರಲ್ಲಿ ಒಂಬತ್ತು ಸಲ ಅಲ್ಲೇ. ಈಗ ತುದಿಗಳನ್ನು ಸಮವಾಗಿ ಕತ್ತರಿಸಿ ಅರ್ಧ ಇಂಚು ಮಾತ್ರ ಉಳಿಸಿ. ಇದಕ್ಕಿಂತ ಉದ್ದಕ್ಕೆ ಹೆಣಿಗೆ ಬಿಚ್ಚಿದ್ದರೆ ಒಂದು ಜೋಡಿಯ ಸದ್ದು ಇನ್ನೊಂದಕ್ಕೆ ಸೋರುತ್ತದೆ. ಕನೆಕ್ಟರಿಗೆ ತೂರಿಸಿ, ಮುಂತುದಿಯಿಂದ ನೋಡಿದರೆ ಎಂಟು ತಾಮ್ರದ ಚುಕ್ಕೆ ಕಾಣಬೇಕು, ಹೊರಗಿನ ಸಿಪ್ಪೆಯೂ ಕನೆಕ್ಟರಿನೊಳಗೆ ಬಂದಿರಬೇಕು. ಆಮೇಲೆ ಕ್ರಿಂಪಿಂಗ್ ಟೂಲಿನಿಂದ ಒತ್ತಿ. ಆ ತುದಿಯೂ ಇದೇ ಸಾಲು. ಟೆಸ್ಟರಿನಲ್ಲಿ ಒಂದರಿಂದ ಎಂಟು ದೀಪ ಎರಡೂ ಕಡೆ ಒಂದೇ ಕ್ರಮದಲ್ಲಿ ಬೆಳಗಬೇಕು. ಇಷ್ಟು ರಗಳೆ ಬೇಡವೆಂದರೆ ಅಂಗಡಿಯವರೇ ತುದಿ ಕಟ್ಟಿಕೊಡುತ್ತಾರೆ, ಆದರೆ ತುದಿ ಕಟ್ಟಿದ ಕೇಬಲ್ ಪೈಪಿನಲ್ಲಿ ಸಾಗುವುದು ಕಷ್ಟ.

ಇನ್ನು ಹಳೆಯ ರೂಟರನ್ನು ಪಳಗಿಸುವುದು:

1. ರೀಸೆಟ್ ತೂತಿಗೆ ಪಿನ್ ಒತ್ತಿ ಹತ್ತು ಸೆಕೆಂಡ್ ಹಿಡಿಯಿರಿ. ಲ್ಯಾಪ್‌ಟಾಪನ್ನು ಇದೊಂದಕ್ಕೇ ಜೋಡಿಸಿ, ಇದರ ಪುಟ ತೆರೆಯಿರಿ.

2. 'ಆ್ಯಕ್ಸೆಸ್ ಪಾಯಿಂಟ್ ಮೋಡ್' (ವೈ-ಫೈ ಹರಡುವ ಕೆಲಸ ಮಾತ್ರ) ಎಂಬ ಆಯ್ಕೆ ಕಂಡರೆ ಅದನ್ನು ಒತ್ತಿ, ನೇರ ನಾಲ್ಕನೆಯ ಹೆಜ್ಜೆಗೆ ಹೋಗಿ.

3. ಇಲ್ಲದಿದ್ದರೆ ಅದರ ಲ್ಯಾನ್ ವಿಳಾಸವನ್ನು ಬದಲಿಸಿ. ಮುಖ್ಯ ಡಬ್ಬಿ 192.168.1.1 ಆದರೆ ಇದು 192.168.1.2, ಅದು 192.168.29.1 ಆದರೆ ಇದು 192.168.29.2. ಈ ಅಂಕಿ ಮುಖ್ಯ ಡಬ್ಬಿ ಫೋನುಗಳಿಗೆ ಹಂಚುವ ವಿಳಾಸಗಳ ಸಾಲಿನ ಹೊರಗಿರಲಿ. ಹೊಸ ವಿಳಾಸದಿಂದ ಮತ್ತೆ ಒಳಹೊಕ್ಕು ಡಿಎಚ್‌ಸಿಪಿ (ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ.

4. ವೈ-ಫೈ ಹೆಸರು, ಪಾಸ್‌ವರ್ಡ್, ಸೆಕ್ಯುರಿಟಿ ಬಗೆ ಮೂರೂ ಮುಖ್ಯ ಡಬ್ಬಿಯಂತೆಯೇ ಇರಲಿ. ಚಾನೆಲ್ ಮಾತ್ರ ಬೇರೆ: ಅಲ್ಲಿ 1 ಇದ್ದರೆ ಇಲ್ಲಿ 6 ಅಥವಾ 11, ಅಲ್ಲಿ 36 ಇದ್ದರೆ ಇಲ್ಲಿ 149.

5. ಮುಖ್ಯ ಡಬ್ಬಿಯ ಲ್ಯಾನ್ ಪೋರ್ಟಿನಿಂದ ಬಂದ ಕೇಬಲನ್ನು ಇದರ ಲ್ಯಾನ್ ಪೋರ್ಟಿಗೇ ಚುಚ್ಚಿ. ಹೊರಗಿನ ಲೈನಿಗೆಂದು ಇರುವ ವ್ಯಾನ್ ಪೋರ್ಟ್ ಖಾಲಿ ಬಿಡಿ.

ಕೆಡುವುದು ಮೂರನೆಯ ಮತ್ತು ಐದನೆಯ ಹೆಜ್ಜೆಯಲ್ಲಿ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಮನೆಯಲ್ಲಿ ಇಬ್ಬರು ವಿಳಾಸ ಹಂಚಲು ಶುರುಮಾಡುತ್ತಾರೆ: ಅಮ್ಮನ ಫೋನಿಗೆ ನೆಟ್ ಬರುತ್ತದೆ, ಅಪ್ಪನದಕ್ಕೆ ಬರುವುದಿಲ್ಲ, ನಾಳೆ ಉಲ್ಟಾ. ಕೇಬಲನ್ನು ವ್ಯಾನ್‌ಗೆ ಚುಚ್ಚಿದರೆ ನೆಟ್ ಬಂದರೂ ಬೆಡ್‌ರೂಮಿನ ಫೋನಿಗೆ ಹಾಲ್‌ನ ಟಿವಿ, ಪ್ರಿಂಟರ್ ಕಾಣುವುದಿಲ್ಲ. ಎರಡು ಡಬ್ಬಿಗಳ ನಡುವೆ ಇರಲೆಂದು ಎರಡು ಕೇಬಲ್ ಜೋಡಿಸಿದರೆ ಸುತ್ತು ಬಿದ್ದು ಇಡೀ ಮನೆಯ ನೆಟ್ ಸ್ತಬ್ಧವಾಗುತ್ತದೆ.

ಒಂದು ತಕರಾರು ಉಳಿಯುತ್ತದೆ. ಹಾಲ್‌ನಿಂದ ಬೆಡ್‌ರೂಮಿಗೆ ಬಂದ ಫೋನು ಹಾಲ್‌ನ ಸಿಗ್ನಲ್ಲನ್ನೇ ಹಿಡಿದುಕೊಂಡು ಕೂರುತ್ತದೆ. ಯಾವುದಕ್ಕೆ ಅಂಟಬೇಕೆಂದು ನಿರ್ಧರಿಸುವುದು ಫೋನು, ರೂಟರಲ್ಲ. ಐಫೋನ್ −70ಕ್ಕೆ ಇಳಿಯುವವರೆಗೆ ಬೇರೆಯದನ್ನು ಹುಡುಕುವುದೇ ಇಲ್ಲ. ಇದಕ್ಕೆ ಮದ್ದು ಎರಡೂ ಡಬ್ಬಿಗಳ ಪವರ್ ಕಡಿಮೆ ಮಾಡುವುದು, ಮುಖ್ಯವಾಗಿ 2.4ರದ್ದು, 'ಮೀಡಿಯಂ'ಗೆ ಇಳಿಸಿ. ಸಿಗ್ನಲ್ ಹೆಚ್ಚಿಸಲು ಹೊರಟವರಿಗೆ ಇದು ವಿಚಿತ್ರವೆನಿಸಬಹುದು, ಆದರೆ ಕೆಲಸ ಮಾಡುತ್ತದೆ. ಮೊಬೈಲ್ ಟವರ್ ಸಿಗದ ಒಳಕೋಣೆಯಲ್ಲಿ ವೈ-ಫೈ ಕಾಲಿಂಗ್ ನಂಬಿಕೊಂಡವರಿಗಂತೂ ಇದು ಮುಖ್ಯ.

ತಂತಿ ಎಳೆಯಲು ಆಗದಿದ್ದರೆ

ರಿಪೀಟರ್ ಬೆಡ್‌ರೂಮಿನಲ್ಲಲ್ಲ, ದಾರಿಯ ನಡುವೆ ಇರಬೇಕು, ಅದಕ್ಕೇ −60ರಿಂದ −65ರ ಸಿಗ್ನಲ್ ಸಿಗುವ ಕಡೆ. ಸಿಗ್ನಲ್ ಇಲ್ಲದಲ್ಲಿ ಇಟ್ಟರೆ ಅದು ಪುನರುಚ್ಚರಿಸುವುದಾದರೂ ಏನನ್ನು? ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ಮಾತಾಡುವ ಅಗ್ಗದ ರಿಪೀಟರಿನಲ್ಲಿ ವೇಗ ಅರ್ಧವೇ. ಒಂದೇ ಜಾಲವಾಗಿ ಕೆಲಸ ಮಾಡುವ ಡಬ್ಬಿಗಳ ಮೆಶ್ ಸೆಟ್ ಇದಕ್ಕಿಂತ ಮೇಲು. ಫೋನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದರಲ್ಲಿ ಜಾಣ. ಆದರೆ ಎರಡು ಕಾಂಕ್ರೀಟ್ ಗೋಡೆಯ ಆಚೆಗಿಟ್ಟ ಮೆಶ್ ಡಬ್ಬಿಯೂ ಅದೇ ಗೋಡೆಗೆ ತಲೆ ಚಚ್ಚಿಕೊಳ್ಳುತ್ತದೆ. ಕೊಳ್ಳುವುದಿದ್ದರೆ ಪ್ರತಿ ಡಬ್ಬಿಗೂ ಗಿಗಾಬಿಟ್ ಲ್ಯಾನ್ ಪೋರ್ಟ್ ಇರುವುದನ್ನೇ ನೋಡಿ, ನಾಳೆ ತಂತಿ ಎಳೆದರೆ ಅದಕ್ಕೆ ಜೋಡಿಸಬಹುದು. ಕರೆಂಟಿನ ವೈರಿನ ಮೇಲೆಯೇ ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್‌ಗಳೂ ಇವೆ. ಎರಡೂ ಪ್ಲಗ್ ಒಂದೇ ಫೇಸಿನಲ್ಲಿರಬೇಕು, ಸ್ಪೈಕ್ ಗಾರ್ಡ್ ಮೂಲಕ ಹಾಕಬಾರದು. ಹಿಂದಿರುಗಿಸುವ ಅವಕಾಶ ಇರುವಲ್ಲಿ ಮಾತ್ರ ತನ್ನಿ.

ಗೋವಾದ ಎರಡು ಮಹಡಿಯ ಮನೆ, ಹಿತ್ತಲ ಕೋಣೆ

ಮಡಗಾಂವ್, ಮಾಪ್ಸಾದ ಹಳೆಯ ಮನೆಗಳಲ್ಲಿ ಹಂಚಿನ ಮಾಡು, ಮರದ ಅಟ್ಟ. ಮರ ಸಿಗ್ನಲ್ಲನ್ನು ಅಷ್ಟೇನೂ ತಡೆಯದು. ಹಾಗಾಗಿ ಕೆಳಗಿನ ಕೋಣೆಯಿಂದ ಪಕ್ಕದ ಕೋಣೆಗೆ ಹೋಗದ ಸಿಗ್ನಲ್ ಅಟ್ಟದ ಮೂಲಕ ಆರಾಮಾಗಿ ಇಳಿಯಬಹುದು: ರೂಟರನ್ನು ಮೇಲೆ, ಮನೆಯ ನಡುವೆ ಇಟ್ಟು ಅಳೆದು ನೋಡಿ. ಬಾಲ್ಕಾಂವ್‌ಗೆ (ಮನೆ ಮುಂದಿನ ಜಗಲಿಗೆ) ಸಿಗ್ನಲ್ ಬೇಕಾದರೆ ಕಿಟಕಿಯ ಬಳಿ ಒಂದು ಆ್ಯಕ್ಸೆಸ್ ಪಾಯಿಂಟ್ ಸಾಕು.

ಅಂಗಳದಾಚೆ ಬಾಡಿಗೆಗೆ ಕೊಟ್ಟ ಕೋಣೆಗೆ ನೆಟ್ ಒಯ್ಯುವಾಗ ತೆಂಗಿನ ಗರಿಗಳು ಲೆಕ್ಕಕ್ಕೆ ಬರುತ್ತವೆ. ಬೇಸಗೆಯಲ್ಲಿ ಓಡುವ ಲಿಂಕು ಮಳೆಯಲ್ಲಿ ನೆನೆದ ಗರಿಗಳಿಗೆ ಸೋಲುತ್ತದೆ. ಮನೆಯಿಂದ ಹಿತ್ತಲಿಗೆ ತಾಮ್ರದ ಕೇಬಲ್ ಎಳೆದರೆ ಸಿಡಿಲಿನ ಹೊಡೆತ ಅದರ ಮೇಲೆಯೇ ಒಳಗೆ ಬರುತ್ತದೆ. ಅಲ್ಲಿಗೆ ಫೈಬರ್ ಹಾಕಿ, ಎರಡು ತುದಿಗೆ ಫೈಬರನ್ನು ಲ್ಯಾನ್ ಕೇಬಲ್ಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಹಚ್ಚಿಸುವುದು ಕ್ಷೇಮ. ಗಾಜಿನ ಎಳೆ ಕರೆಂಟನ್ನು ಒಯ್ಯದು.

ಇದೇ ಮಾತು ಮುಂಬೈಯ ಹಳೆಯ ಬಿಲ್ಡಿಂಗುಗಳಿಗೂ ಸಲ್ಲುತ್ತದೆ. ಅಲ್ಲಿ ಕೆಲವೆಡೆ ಕೇಬಲ್‌ವಾಲಾ ಟೆರೇಸಿನವರೆಗೆ ಫೈಬರ್ ತಂದು, ಅಲ್ಲಿಂದ ಮನೆಮನೆಗೆ ಲ್ಯಾನ್ ಕೇಬಲ್ ಇಳಿಬಿಟ್ಟಿರುತ್ತಾನೆ. ಜೂನ್ ಮೊದಲ ಗುಡುಗಿಗೆ ರೂಟರಿನ ವ್ಯಾನ್ ಪೋರ್ಟ್ ಸುಡುವುದು ಇಂಥ ಮನೆಗಳಲ್ಲೇ. ಗುಡುಗು ಶುರುವಾದರೆ ಕರೆಂಟಿನ ಪ್ಲಗ್ ಮಾತ್ರವಲ್ಲ, ಆ ಕೇಬಲನ್ನೂ ಕಿತ್ತಿಡಿ.

ಕರೆಂಟು ಹೋದಾಗ

ಪುಣೆಯಲ್ಲಿ ಗುರುವಾರ ಬಂತೆಂದರೆ ದುರಸ್ತಿಗೆಂದು ಕರೆಂಟು ತೆಗೆಯುವುದು ಗೊತ್ತಿದ್ದದ್ದೇ. ಮಿನಿ ಯುಪಿಎಸ್ ಕೊಳ್ಳುವಾಗ ರೂಟರಿನ ಅಡಾಪ್ಟರ್ ನೋಡಿ: 12 ವೋಲ್ಟ್ ಇದ್ದರೆ 12 ವೋಲ್ಟಿನದೇ ಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಲಿ. ಪೆಟ್ಟಿಗೆಯ ಮೇಲಿನ 8,800 ಎಂಎಎಚ್ ಎಂಬುದು 3.7 ವೋಲ್ಟಿನ ಸೆಲ್ಲಿನ ಲೆಕ್ಕ. ಗುಣಿಸಿದರೆ ಸುಮಾರು 32.5 ವಾಟ್-ಅವರ್, ಪರಿವರ್ತನೆಯ ನಷ್ಟ ಕಳೆದರೆ 27ರ ಆಸುಪಾಸು. 10 ವಾಟಿನ ಡಬ್ಬಿ ಎರಡೂವರೆ ಗಂಟೆ ನಡೆಯುತ್ತದೆ. ಫೈಬರ್ ಡಬ್ಬಿ, ರೂಟರ್ ಬೇರೆ ಬೇರೆಯಾಗಿದ್ದರೆ ಎರಡಕ್ಕೂ ಬ್ಯಾಕಪ್ ಬೇಕು, ಆಗ ಒಂದೂವರೆ ಗಂಟೆ ಸಿಕ್ಕರೆ ಹೆಚ್ಚು. ಕೊಳ್ಳುವ ಮೊದಲು ಇನ್ನೊಂದು ನೋಡಿ. ಮನೆಯೊಳಗೆ ಬರುವುದು ಫೈಬರ್ ಆದರೆ ದಾರಿಯಲ್ಲಿ ಅದನ್ನು ಹಂಚುವ ಸ್ಪ್ಲಿಟರಿಗೆ ಕರೆಂಟೇ ಬೇಡ, ನಿಮ್ಮ ಯುಪಿಎಸ್ ಇದ್ದಷ್ಟು ಹೊತ್ತು ನೆಟ್ ಇರುತ್ತದೆ. ಬರುವುದು ಟೆರೇಸಿನ ಸ್ವಿಚ್ಚಿನಿಂದ ಇಳಿದ ಲ್ಯಾನ್ ಕೇಬಲ್ ಆದರೆ ಆ ಸ್ವಿಚ್ಚಿಗೆ ಬ್ಯಾಟರಿ ಇದೆಯೇ ಎಂದು ಕೇಬಲ್‌ವಾಲಾನನ್ನು ಕೇಳಿ. ಇಲ್ಲದಿದ್ದರೆ ಕೆಳಗೆ ನಿಮ್ಮ ರೂಟರಿನ ದೀಪವಷ್ಟೇ ಉರಿಯುತ್ತದೆ.